ಬರಿ ಅಂಗೈ

ಯಲಹಂಕದ ಮನೆಯಲ್ಲಿ ಸೂಟ್‌ಕೇಸ್ ತುಂಬಿದ ರಾತ್ರಿ ಕೊನೆಗೆ ತೀರ್ಮಾನವಾಗದೆ ಉಳಿದದ್ದು ನನ್ನ ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆ. ಮಾಲ್ಡೀವ್ಸ್‌ನ ಪುಟ್ಟ ದ್ವೀಪವೊಂದರ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತ್ತು. ಆ ದೇಶಕ್ಕೆ ಕೊಂಡೊಯ್ಯಬಾರದ ವಸ್ತುಗಳ ಪಟ್ಟಿಯಲ್ಲಿ ಮದ್ಯ, ಹಂದಿಮಾಂಸದ ಜೊತೆಗೆ ಪೂಜೆಯ ವಿಗ್ರಹವೂ ಇತ್ತು. ದೇವರ ಪಟಗಳನ್ನು ಬಿಟ್ಟುಹೋಗುವುದು ನನಗೆ ಕಷ್ಟವಿರಲಿಲ್ಲ. ನಮ್ಮಲ್ಲಿ ಪೂಜೆಯೆಂದರೆ ಅಂಗೈಯ ಪೂಜೆಯೇ. ಆದರೆ ಹನ್ನೊಂದನೇ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಇಷ್ಟಲಿಂಗ ನನ್ನ ಮೈಯನ್ನು ಅಗಲಿದ್ದಿಲ್ಲ. ಲಿಂಗ ಅಗಲಿದರೆ ಪ್ರಾಣವೇ ಅಗಲಿದಂತೆ ಎಂದು ನಂಬಿದವರ ಮನೆ ನಮ್ಮದು.

ಇಷ್ಟಲಿಂಗ ವಿಗ್ರಹವೇ? ಅಲ್ಲವೆಂದೇ ನಾನು ಕಲಿತದ್ದು. ಎಲ್ಲೋ ಇರುವ ದೇವರ ಪ್ರತಿಮೆಯಲ್ಲ ಅದು, ನನ್ನೊಳಗೇ ಇರುವುದರ ಕುರುಹು. ಸ್ಥಾವರವನ್ನು ಒಲ್ಲೆನೆಂದ ಶರಣರೇ ಅದನ್ನು ಅಂಗೈಗೆ ತಂದವರು. ಇಂಗ್ಲಿಷಿನ ‘ಐಡಲ್’ ಎಂಬ ಮಾತಿನ ಗ್ರೀಕ್ ಮೂಲಕ್ಕೆ ರೂಪ, ಛಾಯೆ ಎಂಬ ಅರ್ಥ. ಕಣ್ಣು ಮೂಗಿಲ್ಲದ ಈ ಕಪ್ಪು ಗುಂಡು ಯಾರ ರೂಪವೂ ಅಲ್ಲ. ಕಸ್ಟಮ್ಸ್‌ನವರು ಕೇಳಿದ್ದರೆ ಹೀಗೆ ಹೇಳಬಹುದಿತ್ತು, ಹೇಳಿದ್ದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ನಿಯಮ ಬರೆದವರ ಕಣ್ಣಿಗೆ ಇದೂ ವಿಗ್ರಹವಾಗಿಯೇ ಕಾಣುತ್ತದೆಂದು ನನಗೆ ಅನಿಸಿತ್ತು. ಹಾಗೆ ಅನಿಸಿದ ಮೇಲೂ ಒಂದು ಪದದ ಸಂದಿಯಲ್ಲಿ ನುಸುಳಿ ಒಳಹೋಗಿ, ಆಮೇಲೆ ಅವರ ಮಕ್ಕಳಿಗೆ ಪದಗಳ ಅರ್ಥ ಕಲಿಸುತ್ತ ನಿಲ್ಲುವುದು ಹೇಗೆ? ನಡೆ ನುಡಿ ಒಂದಾಗಿರಲಿ ಎಂದವರ ಕುರುಹನ್ನು ನುಡಿ ತಿರುಚಿ ಉಳಿಸಿಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ.

ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು ಕೈ ಚಾಚಿದಳು. “ಕೊಡಿಲ್ಲಿ. ನನ್ನ ಕೈಲಿದ್ರೆ ನಿನ್ನ ಮೈಮೇಲೆ ಇದ್ದಂಗೇ.”

ಅಲ್ಲಮಪ್ರಭುವಿಗೆ ಲಿಂಗ ದೊರೆತದ್ದು ಅನಿಮಿಷಯ್ಯನ ಅಂಗೈಯಿಂದ ಎಂಬ ಕಥೆಯನ್ನು ಚಿಕ್ಕಂದಿನಲ್ಲಿ ಅವಳೇ ಹೇಳಿದ್ದಳು. ನೆಲದೊಳಗೆ ಹುದುಗಿದ ಗುಡಿಯಲ್ಲಿ ಎವೆಯಿಕ್ಕದೆ ಕುಳಿತವನ ಕೈಯಿಂದ ಅದು ಅಲ್ಲಮನ ಕೈಗೆ ಬಂತು, ಕೊಟ್ಟವನ ಪ್ರಾಣ ಹೋಯಿತು. ನಾನೂ ಕೊಟ್ಟೆ. ಕೊಟ್ಟು, ಬೆಳಗಿನ ಜಾವ ಬಳ್ಳಾರಿ ರಸ್ತೆ ಹಿಡಿದು ವಿಮಾನ ನಿಲ್ದಾಣಕ್ಕೆ ಹೋದೆ. ದಾರಿಯುದ್ದಕ್ಕೂ ಕೈ ತಾನಾಗಿ ಎದೆಯ ಬಳಿಗೆ ಹೋಗುತ್ತಿತ್ತು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಬೆಳೆದವಳಿಗೆ ಒಂದೆರಡು ಮೀಟರ್ ಎತ್ತರದ ನೆಲದ ಮೇಲೆ ನಿದ್ದೆ ಹತ್ತಲು ವಾರ ಬೇಕಾಯಿತು. ಈ ಊರನ್ನು ತುದಿಯಿಂದ ತುದಿಗೆ ಇಪ್ಪತ್ತು ನಿಮಿಷದಲ್ಲಿ ನಡೆದು ಮುಗಿಸಬಹುದು. ಕುಡಿಯಲು ಮಳೆನೀರು, ಊಟಕ್ಕೆ ಎಲ್ಲರಿಗೂ ಮೀನು, ನನಗೆ ಅನ್ನ ಬೇಳೆ. ಶುಕ್ರವಾರ, ಶನಿವಾರ ರಜೆ, ಭಾನುವಾರ ಪಾಠ ಶುರು. ಸಹೋದ್ಯೋಗಿಗಳಲ್ಲಿ ಕೇರಳದವರೂ ತಮಿಳುನಾಡಿನವರೂ ಇದ್ದಾರೆ.

ಎರಡನೇ ವಾರ ಸ್ಟಾಫ್ ರೂಮಿನಲ್ಲಿ ಟೈಮ್ ಟೇಬಲ್ ಬರೆದುಕೊಳ್ಳುತ್ತಿದ್ದೆ. ಬಲದಿಂದ ಎಡಕ್ಕೆ ಸಾಗುವ ತಾನ ಲಿಪಿ ನನಗೆ ಬಾರದು. ದಿವೇಹಿ ಕಲಿಸುವ ಟೀಚರ್ ವಾರದ ಹೆಸರುಗಳನ್ನು ಓದಿ ಹೇಳಿದರು. ಆದೀತ್ತ, ಹೋಮ, ಅಂಗಾರ, ಬುಧ, ಬುರಾಸ್ಫತಿ, ಹುಕುರು. ನನ್ನ ಪೆನ್ನು ನಿಂತಿತು. ಆದಿತ್ಯ, ಸೋಮ, ಅಂಗಾರಕ, ಬುಧ, ಬೃಹಸ್ಪತಿ, ಶುಕ್ರ. ಅಮ್ಮನ ಪಂಚಾಂಗದವರೆಲ್ಲ ಅಲ್ಲಿದ್ದರು. ಊರೆಲ್ಲ ಮಸೀದಿಗೆ ಸೇರುವ ದಿನ ಶುಕ್ರನ ಹೆಸರು ಹೊತ್ತಿತ್ತು. ಸಕಾರ ಹಕಾರವಾಗಿತ್ತು, ಅಷ್ಟೇ. ನಮ್ಮಲ್ಲಿ ಪಾಲು ಹಾಲಾಗಲಿಲ್ಲವೇ! ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಅದರಲ್ಲಿ ಆ ಸೀಮೆಯ ಹೆಸರು ಪೆರ್ಬೊಳಲ್ ನಾಡು. ನಾನು ಹದಿನಾಲ್ಕು ವರ್ಷ ಬಸ್ಸಿನಲ್ಲಿ ದಾಟಿದ ಹೆಬ್ಬಾಳ ಅದೇ.

ಈ ದ್ವೀಪಗಳು ಬೌದ್ಧಮತ ಬಿಟ್ಟು ಇಸ್ಲಾಮಿಗೆ ಬಂದದ್ದು 1153ರಲ್ಲಿ. ಕಲ್ಯಾಣದಲ್ಲಿ ಬಸವಣ್ಣನವರ ಕಾಲವೂ ಅದೇ ಶತಮಾನ. ಒಂದು ಕಡೆ ಪ್ರತಿಮೆ ತೊಲಗಿತು, ಇನ್ನೊಂದು ಕಡೆ ಗುಡಿಯ ಕಲ್ಲು ಅಂಗೈಯ ಕುರುಹಾಯಿತು. ಎರಡನ್ನೂ ಒಂದೇ ಎನ್ನಲಾರೆ. ಆದರೆ ರೂಪ ಬಿಟ್ಟವರ ಬಾಯಲ್ಲೂ ಹಳೆಯ ಹೆಸರು ಎಂಟುನೂರು ವರ್ಷ ಬದುಕಿದೆಯಲ್ಲ. ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬ ನನ್ನ ಪ್ರಶ್ನೆಗೆ ಅಂದು ಸ್ವಲ್ಪ ಗಾಳಿ ಸಿಕ್ಕಿತು.

ಆರ್.ಟಿ. ನಗರದ ಶಾಲೆಯಲ್ಲಿದ್ದಾಗ ಸುಲ್ತಾನ್‌ಪಾಳ್ಯದ ಕಡೆಯಿಂದ ಮಧ್ಯಾಹ್ನದ ಬಾಂಗ್ ಕೇಳಿದರೆ ಊಟದ ಬೆಲ್ ಹತ್ತಿರವಾಯಿತೆಂದು ತಿಳಿಯುತ್ತಿತ್ತು. ತರಗತಿಯಲ್ಲಿ ಫಾತಿಮಾ, ಮೇರಿ, ಬಸಮ್ಮ ಒಂದೇ ಬೆಂಚಿನಲ್ಲಿರುತ್ತಿದ್ದರು. ಇಲ್ಲಿ ಹಾಗಿಲ್ಲ. 2008ರ ಸಂವಿಧಾನದಂತೆ ಮುಸ್ಲಿಮರಲ್ಲದವರು ಇಲ್ಲಿನ ಪ್ರಜೆಗಳಾಗಲಾರರು. ಪರಧರ್ಮದವರು ತಮ್ಮ ಆಚರಣೆಯನ್ನು ಹೊರಗೆ ತೋರುವಂತಿಲ್ಲ. ಇದು ಸರಿಯೆಂದು ನಾನು ಒಪ್ಪುವುದಿಲ್ಲ. ದೇವರನ್ನು ಕಾಯಲು ಕಾನೂನು ಬೇಕೆಂಬುದು ಯಾವ ದೇಶದಲ್ಲಾದರೂ ನನ್ನನ್ನು ನೋಯಿಸುತ್ತದೆ. ಆದರೂ ತಿಳಿದೇ ಸಹಿ ಹಾಕಿ ಬಂದವಳು, ಪಾಲಿಸುತ್ತೇನೆ.

ಏಳನೇ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಹತ್ತಿರ ಬಂದು ಇಂಗ್ಲಿಷಿನಲ್ಲೇ ಕೇಳಿದಳು: “ಮಿಸ್, ನೀವು ಪ್ರಾರ್ಥನೆ ಮಾಡುತ್ತೀರಾ?” ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. “ಬೆಳಿಗ್ಗೆ ಸುಮ್ಮನೆ ಕೂರುತ್ತೇನೆ” ಎಂದೆ. ಅವಳು ತಲೆಯಾಡಿಸಿ, ಅವಳಜ್ಜಿಯೂ ನಮಾಜು ಮುಗಿದ ಮೇಲೆ ತುಂಬ ಹೊತ್ತು ಸುಮ್ಮನೆ ಕೂರುತ್ತಾಳೆಂದು ಹೇಳಿ ಓಡಿದಳು.

ಅಮ್ಮನ ಗಡಿಯಾರ ನನ್ನದಕ್ಕಿಂತ ಅರ್ಧ ಗಂಟೆ ಮುಂದೆ. ಯಲಹಂಕದಲ್ಲಿ ಐದೂವರೆಗೆ ಅವಳು ಪೂಜೆಗೆ ಕೂತಾಗ ಇಲ್ಲಿ ಐದು. ಮೊದಲು ನನ್ನ ಲಿಂಗಕ್ಕೆ ನೀರೆರೆದು ವಿಭೂತಿ ಧರಿಸುತ್ತಾಳೆ, ಆಮೇಲೆ ತನ್ನದಕ್ಕೆ. ಅದೇ ಹೊತ್ತಿಗೆ ನಾನು ಎಡಗೈ ಬಿಚ್ಚಿ ಕೂರುತ್ತೇನೆ. ಬಯಲು ಎಂದು ಅಲ್ಲಮ ಹೇಳಿದ್ದು ಇದನ್ನಲ್ಲ. ನನ್ನದು ಇನ್ನೂ ಕಳೆದುಕೊಂಡದ್ದನ್ನು ಹುಡುಕುವ ಕೈ. ಆ ಸಣ್ಣ ಭಾರ ಇಲ್ಲದ್ದು ಈಗಲೂ ತಿಳಿಯುತ್ತದೆ. ಎಲ್ಲಿ ಇಲ್ಲವೋ ಅಲ್ಲೇ ನೋಟ ನಿಲ್ಲಿಸುತ್ತೇನೆ, ಮಕ್ಕಳ ಸೈಕಲ್ ಸದ್ದು ಕೇಳುವವರೆಗೆ.