ಹಿಂದೆ ಬರುವವರ ಉಸಿರು


*ಇಂದಿನ ಧಮ್ಮ ಚಿಂತನೆ*



ಇಂದು ಪಂಚಶೀಲದ ಮೊದಲನೆಯ ಶೀಲವನ್ನು ಒಂದು ಹಳೆಯ ಗಾಡಿಯ ಸೈಲೆನ್ಸರ್ ಪಕ್ಕದಲ್ಲಿಟ್ಟು ನೋಡೋಣ. ನಗಬೇಡಿ. ಶೀಲ ವಿಹಾರದ ಚಾಪೆಯ ಮೇಲೆ ಮಾತ್ರ ಪರೀಕ್ಷೆಗೆ ಬರುವುದಿಲ್ಲ, ಗ್ಯಾರೇಜಿನ ಎಣ್ಣೆ ಮೆತ್ತಿದ ನೆಲದ ಮೇಲೂ ಬರುತ್ತದೆ.

ನಮ್ಮ ಎಷ್ಟೋ ಮನೆಗಳ ಮುಂದೆ ಹಳೆಯ ಬೊಲೆರೊ, ಸುಮೊ, ಸ್ಕಾರ್ಪಿಯೊ ನಿಂತಿವೆ. ಕೆಲವರಿಗೆ ಅದೇ ಅನ್ನ. ಬಾಡಿಗೆ, ಶಾಲೆ ಮಕ್ಕಳ ಟ್ರಿಪ್, ಮದುವೆ, ಆಸ್ಪತ್ರೆ, ವರ್ಷಕ್ಕೊಮ್ಮೆ ನಾಗಪುರದ ದೀಕ್ಷಾಭೂಮಿ. ಮೀಟರು 2.5 ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಒಂದು ದಿನ ಗಾಡಿ ಟ್ರ್ಯಾಕ್ಟರ್‌ನಂತೆ ಗುಡುಗತೊಡಗುತ್ತದೆ. ಮೆಕ್ಯಾನಿಕ್ ಕೆಳಗೆ ತೂರಿ ನೋಡಿ, "ಪೈಪೆಲ್ಲ ತುಕ್ಕು ತಿಂದಿದೆ ಸರ್" ಎನ್ನುತ್ತಾನೆ.

ಇದು ಹೇಗೆ ಆಗುತ್ತದೆಂದು ಸ್ವಲ್ಪ ತಿಳಿಯೋಣ. ಡೀಸೆಲ್ ಉರಿದಾಗ ಹೊಗೆಯ ಜೊತೆ ನೀರಾವಿಯೂ ಹುಟ್ಟುತ್ತದೆ. ದೂರ ಓಡಿದರೆ ಪೈಪು ಕಾದು ನೀರು ಆವಿಯಾಗಿಯೇ ಹೊರಗೆ ಹೋಗುತ್ತದೆ. ಊರೊಳಗೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆ ನೀರು ಸೈಲೆನ್ಸರ್ ಹೊಟ್ಟೆಯಲ್ಲೇ ಉಳಿಯುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ತೂತು ಕಾಣುವ ಹೊತ್ತಿಗೆ ಒಳಗೆ ತಗಡು ಕಾಗದದಷ್ಟು ತೆಳುವಾಗಿರುತ್ತದೆ.

ಈಗ ಗ್ಯಾರೇಜಿನಲ್ಲಿ ಮೂರು ದಾರಿ ತೆರೆಯುತ್ತವೆ.

ಒಂದು, ತೂತಿಗೆ ತಗಡಿನ ತೇಪೆ ಇಟ್ಟು ವೆಲ್ಡಿಂಗ್. ತೆಳು ತಗಡಿನ ಮೇಲೆ ವೆಲ್ಡಿಂಗ್ ನಿಲ್ಲುವುದು ಕಷ್ಟ, ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ.

ಎರಡು, ಎಲ್ಲವನ್ನೂ ಕಿತ್ತು ಒಂದು ನೇರ ಪೈಪು ಜೋಡಿಸುವುದು. ಇದರಲ್ಲಿ ಒಂದು ಆಸೆಯೂ ಇದೆ. 2010ರ ಆಸುಪಾಸಿನ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಸೈಲೆನ್ಸರ್‌ಗೂ ಮುಂಚೆ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದೆ. ಅದರೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕಂಡಿ. ಆ ಕಂಡಿಗಳ ಗೋಡೆಗೆ ಪ್ಲಾಟಿನಂನಂಥ ಬೆಲೆಬಾಳುವ ಲೋಹದ ತೆಳು ಲೇಪ. ವಿಷದ ಕಾರ್ಬನ್ ಮಾನಾಕ್ಸೈಡನ್ನೂ ಅರೆಬೆಂದ ಇಂಧನದ ಆವಿಯನ್ನೂ ಅದು ಕಡಿಮೆ ಮಾಡುತ್ತದೆ. ಲೋಹದ ಬೆಲೆಗಾಗಿ ಗುಜರಿಯವರು ಹಳೆಯ ಡಬ್ಬಿಯನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. "ಕಿತ್ತು ಮಾರಿದರೆ ಪೈಪಿನ ಖರ್ಚು ಅಲ್ಲೇ ಹುಟ್ಟುತ್ತೆ, ಪಿಕಪ್ಪೂ ಬರುತ್ತೆ" ಎಂದು ಕಿವಿಯಲ್ಲಿ ಹೇಳುವವರಿಗೆ ಕೊರತೆಯಿಲ್ಲ.

ಮೂರು, ಪೈಪು, ಕನ್ವರ್ಟರ್, ಸೈಲೆನ್ಸರ್, ಗ್ಯಾಸ್ಕೆಟ್, ತೂಗುಹಾಕುವ ರಬ್ಬರ್, ಹಾಳಾದುದನ್ನೆಲ್ಲ ಸರಿಯಾಗಿ ಬದಲಿಸುವುದು. ಇದು ದುಬಾರಿ. ಹಳೆಯ ಗಾಡಿಗೆ ಇಷ್ಟು ಸುರಿಯಬೇಕೇ ಎಂದು ಮನೆಯವರೂ ಕೇಳುತ್ತಾರೆ.

ಒಂದು ಮಾತು ಗಮನಿಸಿ. ಬ್ರೇಕು ಕೆಟ್ಟರೆ ಯಾರೂ ಹೀಗೆ ಲೆಕ್ಕ ಹಾಕುವುದಿಲ್ಲ, ಸಾಲ ಮಾಡಿಯಾದರೂ ಹಾಕಿಸುತ್ತಾರೆ. ಏಕೆಂದರೆ ಬ್ರೇಕು ಹೋದರೆ ಹೋಗುವುದು ನಮ್ಮ ಜೀವ. ಸೈಲೆನ್ಸರ್ ಪೈಪಿನ ಬಾಯಿ ಇರುವುದು ಹಿಂದಕ್ಕೆ. ಅದರ ನೋವು ನಮಗೆ ಮುಖವೇ ಕಾಣದವರ ಪಾಲು. *ಮುಖ ಕಾಣದವರಿಗೂ ನಾವು ಋಣಿಗಳೇ?* ಇಂದಿನ ಪ್ರಶ್ನೆ ಇಷ್ಟೇ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಧಮ್ಮವನ್ನು ಮನುಷ್ಯ ಮನುಷ್ಯರ ನಡುವಿನ ಸರಿಯಾದ ಸಂಬಂಧ ಎಂದು ವಿವರಿಸುತ್ತಾರೆ. ಒಬ್ಬನೇ ಇದ್ದರೆ ಧಮ್ಮ ಬೇಕಿಲ್ಲ, ಇಬ್ಬರಾದ ಕೂಡಲೇ ಬೇಕು. ಆ ಎರಡನೆಯವನು ನಮ್ಮೆದುರಿಗೇ ಕೂತಿರಬೇಕು ಎಂದೇನಿಲ್ಲ. ಗಾಡಿಯ ಹಿಂದೆ ಬೈಕಿನಲ್ಲಿ ಬರುತ್ತಿರುವವನೂ ಎರಡನೆಯವನೇ. ಅವನ ಮುಂದೆ ಟ್ಯಾಂಕಿನ ಮೇಲೆ ಕೂತ ಮಗು ಮೂರನೆಯದು.

ಇಲ್ಲೊಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಬುದ್ಧರು ಕರ್ಮವೆಂದರೆ ಚೇತನಾ, ಅಂದರೆ ಉದ್ದೇಶ ಎಂದರು. "ಯಾರಿಗೂ ನೋವು ಕೊಡುವ ಉದ್ದೇಶ ನನಗಿಲ್ಲವಲ್ಲ, ಶೀಲ ಹೇಗೆ ಮುರಿಯುತ್ತದೆ?" ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ತಿಳಿಯದೆ ಓಡಿಸಿದ ದಿನಗಳಿಗೆ ಅದು ಉತ್ತರವೂ ಆಗಬಹುದು. ಆದರೆ ಪೈಪು ತೂತಾಗಿದೆ ಎಂದು ಮೆಕ್ಯಾನಿಕ್ ತೋರಿಸಿದ ಮೇಲೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಎಂಜಿನ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು 2012ರಲ್ಲೇ ಸಾರಿದ್ದು ಗೊತ್ತಾದ ಮೇಲೆ? ಗೊತ್ತಿದ್ದೂ ಡಬ್ಬಿ ಕಿತ್ತು ಮಾರಿದರೆ ಆ ಆಯ್ಕೆಯೇ ಚೇತನಾ. ದ್ವೇಷ ಇರಬೇಕಾಗಿಲ್ಲ. ನಾಲ್ಕು ಕಾಸಿನ ಲೋಭ ಸಾಕು.

"ಎಮಿಷನ್ ಸರ್ಟಿಫಿಕೇಟ್ ಇದೆಯಲ್ಲ" ಎಂಬ ಸಮಾಧಾನ ಇನ್ನೊಂದು. ಡೀಸೆಲ್ ಗಾಡಿಯ ಹೊಗೆಯೊಳಗೆ ಬೆಳಕು ಹಾಯಿಸಿ, ಎಷ್ಟು ಬೆಳಕು ತಡೆಯಿತು ಎಂದು ಅಳೆಯುತ್ತಾರೆ. ಕಾಣುವ ಕಪ್ಪಿಗೆ ಅಲ್ಲಿ ಲೆಕ್ಕವಿದೆ, ಕಾಣದ ಅನಿಲಕ್ಕಿಲ್ಲ. 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ನಿಯಮ ಬೇರೆ, ತತ್ವ ಬೇರೆ ಎಂದು ಬಿಡಿಸಿ ಹೇಳಿದರು. ಸರ್ಟಿಫಿಕೇಟ್ ನಿಯಮ. ಹಿಂದಿನವರ ಉಸಿರು ತತ್ವ. ನಿಯಮ ಪಾಲಿಸಿದ ಮಾತ್ರಕ್ಕೆ ತತ್ವ ಪಾಲಿಸಿದಂತಾಗುವುದಿಲ್ಲ.

ಅದೇ ಪುಸ್ತಕದಲ್ಲಿ ಬಾಬಾಸಾಹೇಬರು ಪೇಶ್ವೆಗಳ ಪುಣೆಯನ್ನು ನೆನಪಿಸುತ್ತಾರೆ. ಅಸ್ಪೃಶ್ಯರು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆಯಬೇಕಿತ್ತು. ಅವರು ತುಳಿದ ಧೂಳು ಹಿಂದೆ ಬರುವ ಸವರ್ಣೀಯನಿಗೆ ತಾಗಿ ಮೈಲಿಗೆಯಾಗಬಾರದೆಂದು, ಆ ಪೊರಕೆ ಅವರ ಹೆಜ್ಜೆಯನ್ನು ಗುಡಿಸುತ್ತಾ ಬರಬೇಕಿತ್ತು. ಹಿಂದೆ ಬರುವವರಿಗೆ ಏನೂ ಮಾಡದ ಹೆಜ್ಜೆಗೆ ಆ ಶಿಕ್ಷೆ.

ಮೈಲಿಗೆ, ಮಾಲಿನ್ಯ. ಎರಡು ಪದಗಳೂ ಕಿವಿಗೆ ನೆಂಟರಂತೆ ಕೇಳುತ್ತವೆ. ಆದರೆ ಮೈಲಿಗೆ ಸುಳ್ಳು, ಅದು ಯಾರ ಶ್ವಾಸಕೋಶವನ್ನೂ ಸುಟ್ಟಿಲ್ಲ. ಮಾಲಿನ್ಯ ನಿಜ, ಅದು ಜಾತಿ ಕೇಳದೆ ಸುಡುತ್ತದೆ. ಸುಳ್ಳು ಮೈಲಿಗೆಯ ಪೊರಕೆಯನ್ನು ಕಿತ್ತೆಸೆದವರು ನಾವು. ನಿಜವಾದ ಮಾಲಿನ್ಯ ಬಿಡುವ ಪೈಪನ್ನು ಸರಿಪಡಿಸುವ ಹೊಣೆ ಯಾರೂ ನಮ್ಮ ಸೊಂಟಕ್ಕೆ ಕಟ್ಟಬೇಕಾಗಿಲ್ಲ. ಸ್ವತಂತ್ರ ಮನುಷ್ಯರು ಅದನ್ನು ತಾವೇ ತೆಗೆದುಕೊಳ್ಳುತ್ತಾರೆ. ಬೆಳಗಿನ ಜಾವ ಆ ಹೊಗೆಯಲ್ಲಿ ನಿಂತು ರಸ್ತೆ ಗುಡಿಸುವವರು ಯಾರೆಂದೂ ಒಮ್ಮೆ ನೆನೆಯಿರಿ. ಪೌರಕಾರ್ಮಿಕರಲ್ಲಿ ಹೆಚ್ಚಿನವರು ನಮ್ಮದೇ ಅಕ್ಕ ತಂಗಿಯರು. ಪೊರಕೆ ಇನ್ನೂ ಅವರ ಕೈಯಲ್ಲೇ ಇದೆ.

"ದೊಡ್ಡ ಕಾರ್ಖಾನೆಗಳು, ನೂರಾರು ಲಾರಿಗಳು ಬಿಡುತ್ತಿವೆ. ಬಡವನ ಒಂದು ಗಾಡಿಯಿಂದ ಏನಾದೀತು?" ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಕಾರ್ಖಾನೆಯನ್ನು ಕೇಳಲೇಬೇಕು, ಸಂಘಟಿತರಾಗಿ ಹೋರಾಡಲೇಬೇಕು. ಆದರೆ ಪಂಚಶೀಲ ಹೇಳುವಾಗ ಪ್ರತಿ ಶೀಲದ ಕೊನೆಯ ಪದವನ್ನು ಗಮನಿಸಿ, 'ಸಮಾದಿಯಾಮಿ'. ಪಾಲಿ ವ್ಯಾಕರಣದಲ್ಲಿ ಅದು ಉತ್ತಮ ಪುರುಷ ಏಕವಚನ. ಲಕ್ಷ ಜನ ಸೇರಿ ಒಂದೇ ದನಿಯಲ್ಲಿ ಹೇಳಿದರೂ ಅದು 'ನಾವು' ಆಗುವುದಿಲ್ಲ, 'ನಾನು ಸ್ವೀಕರಿಸುತ್ತೇನೆ' ಎಂದೇ ಉಳಿಯುತ್ತದೆ. ಬೇರೆಯವರು ಪಾಲಿಸಿದರೆ ಮಾತ್ರ ನಾನೂ ಎಂಬ ಷರತ್ತು ಅದರಲ್ಲಿಲ್ಲ.

ಹಾಗೆಂದು ಮಕ್ಕಳ ಫೀಸು ನಿಲ್ಲಿಸಿ ಸೈಲೆನ್ಸರ್ ಹಾಕಿಸಿ ಎಂದು ಧಮ್ಮ ಹೇಳುವುದಿಲ್ಲ. ಮಧ್ಯಮ ಮಾರ್ಗ ಇಲ್ಲೂ ಇದೆ. ಗಾಡಿಯೊಳಗೆ ಹೊಗೆ ನುಗ್ಗುವ ಸೋರಿಕೆಯನ್ನು ಮೊದಲು ನಿಲ್ಲಿಸಿ. ಅದರಿಂದ ತಲೆನೋವು, ಮಂಪರು ಬರುತ್ತದೆ, ಜೀವಕ್ಕೂ ಅಪಾಯ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ. ಆ ಕಾಯಿಲೆ ಎಂಜಿನ್ನಿನದು, ಹೊಸ ಪೈಪು ಅದನ್ನು ಗುಣ ಮಾಡದು. ಕನ್ವರ್ಟರ್ ಚೆನ್ನಾಗಿದ್ದರೆ ಅದನ್ನು ಉಳಿಸಿಕೊಂಡು ಕೊಳೆತ ಪೈಪು ಮಾತ್ರ ಬದಲಿಸಿ. ಉಳಿದದ್ದನ್ನು ಕಂತಿನಲ್ಲಿ ಮಾಡಿ. ಗಾಡಿ ಸಂಘದ ಕೆಲಸಕ್ಕೂ ಓಡುವುದಾದರೆ ಸಂಘವೂ ಖರ್ಚಿಗೆ ಕೈಹಾಕಲಿ. ಕೆಳಗೆ ಮಲಗಿ ಕೆಲಸ ಮಾಡುವ ಹುಡುಗನ ಕಣ್ಣಿಗೆ ತುಕ್ಕಿನ ಚೂರು ಉದುರುತ್ತದೆ. ಅವನಿಗೊಂದು ಕನ್ನಡಕ ಕೊಡಿಸಿ. ಅದೂ ಮೊದಲನೆಯ ಶೀಲವೇ.

*ಇಂದಿನ ಅಭ್ಯಾಸ:* ಗಾಡಿ ಇರುವವರು ಇವತ್ತು ಹೊರಡುವ ಮುನ್ನ ಎಂಜಿನ್ ಚಾಲೂ ಮಾಡಿಸಿ, ಇಳಿದು ಹಿಂದಕ್ಕೆ ಹೋಗಿ. ಹೊಗೆಯ ಬಣ್ಣ ನೋಡಿ, ಸದ್ದು ಕೇಳಿ. ಅಲ್ಲಿ ಒಂದು ಮಗುವಿನ ಮೂಗು ಎಷ್ಟು ಎತ್ತರದಲ್ಲಿರುತ್ತದೆ ಎಂದು ಯೋಚಿಸಿ. ಆಮೇಲೆ ಗ್ಯಾರೇಜಿಗೆ ಯಾವಾಗ ಹೋಗಬೇಕೆಂದು ನೀವೇ ನಿರ್ಧರಿಸಿ.

ಮೈತ್ರಿಯಿಂದ,
ಜೈಭೀಮ್. ನಮೋ ಬುದ್ಧಾಯ.