ಕ್ಲಬ್ಬು ಎಂಬ ವಸ್ತು ಎಲ್ಲಿದೆ?

ಫುಟ್‌ಬಾಲ್ ಕ್ಲಬ್ಬಿನ ಆಟಗಾರರು, ತರಬೇತುದಾರರು, ಕೊನೆಗೆ ಲೀಗೂ ಬದಲಾದ ಮೇಲೆ ಉಳಿಯುವುದು ಅದೇ ಕ್ಲಬ್ಬೇ? ಉದಾಹರಣೆಗೆ ಗೋವಾವನ್ನೇ ನೋಡಿ; ಕಾರವಾರ, ಅಂಕೋಲೆಗಳಿಗೆ ಬೆಂಗಳೂರಿಗಿಂತ ಅದೇ ಬಹಳ ಹತ್ತಿರ. ಮಾಜಾಳಿ ದಾಟಿದರೆ ಗಡಿ, ಮುಂದೆ ಮಡಗಾಂವದ ಫತೋರ್ಡಾ ಮೈದಾನ. ಗೋವಾದ ಡೆಂಪೊ ತಂಡ 2005ರಿಂದ 2012ರೊಳಗೆ ಐದು ಬಾರಿ ರಾಷ್ಟ್ರೀಯ ಲೀಗ್ (ನಂತರದ ಐ-ಲೀಗ್) ಗೆದ್ದಿತು. 2015ರಲ್ಲಿ ಕೆಳದರ್ಜೆಗಿಳಿದು, ಮರುವರ್ಷ ಮೇಲೇರುವ ಅರ್ಹತೆ ಪಡೆದರೂ, ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಅಗ್ರಸ್ಥಾನ ಕೊಡುವ ಯೋಜನೆಯನ್ನು ಪ್ರತಿಭಟಿಸಿ ಐ-ಲೀಗ್‌ನಿಂದ ಹೊರನಡೆಯಿತು. ಸಾಲಗಾಂವಕರ್ ತಂಡವೂ ಹಾಗೆಯೇ ಮಾಡಿತು. ಡೆಂಪೊ ಐ-ಲೀಗ್‌ಗೆ ಮರಳಿದ್ದು 2024ರಲ್ಲಿ. ಮರಳಿದ್ದು ಅದೇ ಡೆಂಪೊವೇ?

ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಹೇಳಿದಂತೆ ಗಾಲಿ, ಅಚ್ಚು, ನೊಗಗಳಾಚೆ ರಥವೆಂಬುದಿಲ್ಲ. ಅದು ವ್ಯವಹಾರದ ಹೆಸರು. ನ್ಯಾಯದರ್ಶನದ ನೈಯಾಯಿಕರು ಒಪ್ಪುವುದಿಲ್ಲ: ಅವಯವಗಳಿಗಿಂತ ಅವಯವಿ, ಅಂದರೆ ಇಡೀ ವಸ್ತು, ಬೇರೆಯೇ. ಆದರೆ ಅವರ ಪ್ರಕಾರವೂ ಬಿಡಿಭಾಗ ಬದಲಾದರೆ ಹುಟ್ಟುವುದು ಹೊಸ ಅವಯವಿ; ಹಾಗಾಗಿ ಕ್ಲಬ್ಬಿನ ವಿಷಯದಲ್ಲಿ ನಾಗಸೇನನ ಮಾತೇ ಹೆಚ್ಚು ಒಗ್ಗುತ್ತದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2017ರಲ್ಲಿ ಐಎಸ್‌ಎಲ್‌ಗೆ ಹೋಗಿ, 2019ರಲ್ಲಿ ಅದನ್ನೂ ಗೆದ್ದಿತು. ಲೀಗ್ ಬದಲಾಯಿತೆಂದು ಕಂಠೀರವ ಮೈದಾನದ ಅಭಿಮಾನಿಗಳು ಹೊಸ ಹೆಸರನ್ನೇನೂ ಕೂಗಲಿಲ್ಲ.