ಕಡಲು ಕಾಣುವ ಕೋಣೆ

ಹೋಟೆಲು ಆರಿಸಿಕೊಳ್ಳುವುದರಲ್ಲಿ ನೀತಿ-ಅನೀತಿಯ ಮಾತೇನು ಬಂತು ಅಂತ ಕೇಳುವವರಿದ್ದಾರೆ. ಬಾಗಿಲಲ್ಲಿ ನಿಲ್ಲಿಸಿ 'ನೀವು ಯಾವ ಪೈಕಿ?' ಅಂತ ಅವರನ್ನ ಯಾರೂ ಕೇಳಿರಲಿಕ್ಕಿಲ್ಲ. ನಮಗೆ ಹೋಟೆಲು ಅಂದರೆ ಮೊದಲು ನೆನಪಾಗೋದು ಹೊರಗೆ ನಿಂತು ಕುಡಿದು, ನಾವೇ ತೊಳೆದಿಡಬೇಕಾಗಿದ್ದ ಬೇರೆ ಲೋಟ. ತಂಗುವ ಮಾತಂತೂ ದೂರವೇ ಇತ್ತು. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರರು 1917ರಲ್ಲಿ ಕೆಲಸಕ್ಕೆ ಸೇರಲು ಬರೋಡಾಕ್ಕೆ ಹೋದರೆ ಇಡೀ ಊರಲ್ಲಿ ಅವರಿಗೊಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರದಲ್ಲಿ ಸೇರಿಕೊಂಡರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಸಂವಿಧಾನದ 15ನೇ ವಿಧಿಯೊಳಗೆ ಹೋಟೆಲು ಅನ್ನೋ ಮಾತು ಸುಮ್ಮನೆ ಬಂದು ಕೂತಿಲ್ಲ.

ಈಗ ನಮ್ಮ ಹುಡುಗ ಹುಡುಗಿಯರೂ ಓದಿಗೆ, ಸಭೆಗಳಿಗೆ ಹೊರದೇಶಗಳಿಗೆ ಹೋಗುತ್ತಾರೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿಗೆ ಹೋಗಬೇಕಾಗಿ ಬಂತು ಅನ್ನಿ. ಎಲ್ಲಿ ಉಳಿಯೋದು ಅಂತ ಯಾರನ್ನ ಕೇಳಿದರೂ ಕೈ ತೋರಿಸೋದು ಹಳೇ ಬಂದರಿನ ಕಡೆಗೆ, ವಿಕ್ಟೋರಿಯಾ ಮತ್ತು ಆಲ್ಫ್ರೆಡ್ ವಾಟರ್‌ಫ್ರಂಟಿನ ಕಡೆಗೆ. ಸರಕೆಲ್ಲ ಕಂಟೇನರುಗಳಲ್ಲಿ ಬರತೊಡಗಿದ ಮೇಲೆ ಅಲ್ಲಿನ ಹಳೇ ಧಕ್ಕೆಗಳಿಗೆ ಕೆಲಸ ತಪ್ಪಿತು. 1988ರಲ್ಲಿ ಇದಕ್ಕಂತಲೇ ಒಂದು ಕಂಪನಿ ಹುಟ್ಟಿಕೊಂಡಿತು. ಗೋದಾಮುಗಳಿದ್ದಲ್ಲಿ ಅಂಗಡಿ, ಮೂಟೆ ಇಳಿಸುತ್ತಿದ್ದಲ್ಲಿ ಕಾಫಿ ಮೇಜು, ಮೇಲುಗಡೆ ಕಡಲು ಕಾಣುವ ಕೋಣೆ. ಮಂಡೇಲಾರನ್ನು ಕೂಡಿಹಾಕಿದ್ದ ರಾಬೆನ್ ದ್ವೀಪ ನೋಡುವವರು ದೋಣಿ ಹತ್ತೋದೂ ಇಲ್ಲಿಂದಲೇ.

ಕಡಲು ಕಾಣುವ ಕೋಣೆಗೆ ಬಾಡಿಗೆ ಜಾಸ್ತಿ. ಆದರೆ ಆ ಕಡಲನ್ನ ಹೀಗೆ ತಣ್ಣಗೆ, ಕೆರೆಯ ಹಾಗೆ ನಿಲ್ಲಿಸಿದವರು ಯಾರು? ಕೇಪಿನಲ್ಲಿ ಗುಲಾಮಗಿರಿಗೆ 1834ರಲ್ಲಿ ಕಾನೂನಿನ ಪ್ರಕಾರ ಕೊನೆ. ಗುಲಾಮರು ನಿಜಕ್ಕೂ ಬಿಡುಗಡೆಯಾಗಿದ್ದು 1838ರಲ್ಲಿ. ಆ ಗುಲಾಮರಲ್ಲಿ ಸುಮಾರು ಕಾಲುಭಾಗ ನಮ್ಮ ಕಡೆಯವರೇ. ಡಚ್ಚರು ಬಂಗಾಳದಿಂದ, ಮಲಬಾರಿನಿಂದ, ಪೂರ್ವದ ಕರಾವಳಿಯಿಂದ ಕೊಂಡು ಹಡಗಿಗೆ ತುಂಬಿಕೊಂಡು ಹೋದವರು. ಅವರ ಹೆಸರಿನ ಮುಂದೆ 'ಫಾನ್ ಮಲಬಾರ್', 'ಫಾನ್ ಬೆಂಗಾಲೆನ್' ಅಂತ ಬರೆದುಕೊಂಡರು. ಅಪ್ಪನ ಹೆಸರು, ಕುಲದ ಹೆಸರು ಅಲ್ಲಿಗೇ ಮುಗೀತು. ಮಲಬಾರಿನಲ್ಲಿ ಯಾರನ್ನ ಮಾರುತ್ತಿದ್ದರು, ಯಾರು ಮಾರುತ್ತಿದ್ದರು ಅನ್ನೋದನ್ನ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗುಲಾಮರು ಹೋದರೆ ಬಿಟ್ಟಿ ದುಡಿಮೆಗೆ ಇನ್ನು ಯಾರು? ಕೈದಿಗಳು. 1859ರಲ್ಲಿ ಬಂದರಿನ ಪಕ್ಕದಲ್ಲೇ ಬ್ರೇಕ್‌ವಾಟರ್ ಸೆರೆಮನೆ ಎದ್ದಿತು. ಮರುವರ್ಷ ವಿಕ್ಟೋರಿಯಾ ರಾಣಿಯ ಮಗ ಆಲ್ಫ್ರೆಡ್ ಬಂದು ಅಲೆತಡೆಗೋಡೆಗೆ ಮೊದಲ ಕಲ್ಲು ಸುರಿದ. ಮಿಕ್ಕ ಕಲ್ಲನ್ನೆಲ್ಲ ಒಡೆದು, ಹೊತ್ತು ಸುರಿದವರು ಕೈದಿಗಳು. ಬಂದರಿಗೆ ಹೆಸರು ಮಾತ್ರ ಆಲ್ಫ್ರೆಡನದು, ಅವನಮ್ಮನದು.

ಆ ಕೈದಿಗಳಲ್ಲಿ ಕಬ್ಬೊ ಅಂತ ಒಬ್ಬ ಮುದುಕ. ಹೆಸರಿನ ಮುಂದೆ ನಾಲಿಗೆ ಲೊಚಗುಟ್ಟುವ ಒಂದು ದನಿ ಇದೆ, ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಹೆಸರಿನ ಅರ್ಥ ಕನಸು. ಕ್ಸಾಮ್ ಅನ್ನೋ ಬೇಟೆಗಾರ ಜನದವನು. ಅವರ ನೀರು, ನೆಲ, ಬೇಟೆ ಎಲ್ಲ ಬಿಳಿಯರ ಜಮೀನಾದ ಮೇಲೆ ಅವರಿಗೆ ಬಂದ ಹೆಸರು ದನಗಳ್ಳರು. ನೆಲ ಕದ್ದವನು ಮಾತ್ರ ರೈತ! ಜರ್ಮನ್ ಪಂಡಿತ ಬ್ಲೀಕ್ ಮತ್ತು ಅವನ ನಾದಿನಿ ಲೂಸಿ ಲಾಯ್ಡ್ 1871ರಲ್ಲಿ ಕಬ್ಬೊನನ್ನು ಸೆರೆಮನೆಯಿಂದ ತಮ್ಮ ಮನೆಗೆ ಕರೆಸಿಕೊಂಡು ಅವನ ಭಾಷೆ ಕಲಿತರು. ಅವನೂ ಅವನಂಥ ಇನ್ನು ಕೆಲವರೂ ಹೇಳಿದ್ದು 12,000 ಪುಟಕ್ಕೂ ಮಿಕ್ಕಿ ಬೆಳೆಯಿತು. ಕಬ್ಬೊ ಹೇಳಿದ್ದರ ತುಂಬ ಒಂದೇ ಹಂಬಲ: ಊರಿಗೆ ಹೋಗಬೇಕು, ನಮ್ಮವರ ನಡುವೆ ಕೂತು ಮಾತು ಕೇಳಬೇಕು. ಇವತ್ತು ಆ ಭಾಷೆ ಆಡುವವರು ಒಬ್ಬರೂ ಉಳಿದಿಲ್ಲ. 2000ದಲ್ಲಿ ದಕ್ಷಿಣ ಆಫ್ರಿಕಾ ತನ್ನ ಲಾಂಛನದ ಧ್ಯೇಯವಾಕ್ಯವನ್ನ ಅದೇ ಭಾಷೆಯಲ್ಲಿ ಬರೆಸಿತು. ಸತ್ತ ಮೇಲೆ ಎಲ್ಲ ಭಾಷೆಗೂ ಮರ್ಯಾದೆ ಸಿಗುತ್ತೆ.

ಆ ಸೆರೆಮನೆಯ ಕಟ್ಟಡಗಳು ಆಮೇಲೆ ಕರಿಯ ಧಕ್ಕೆ ಕೂಲಿಗಳ ಹಾಸ್ಟೆಲಾದವು. ಆಮೇಲೆ ವಿಶ್ವವಿದ್ಯಾಲಯದ ವ್ಯಾಪಾರ ಕಲಿಸುವ ಶಾಲೆ, ಜೊತೆಗೊಂದು ಹೋಟೆಲು.

ಇಂಥ ಕಡೆ ಮಲಗಬಹುದೇ? ನಮ್ಮ ಗೆಳೆಯರಲ್ಲೇ ಕೆಲವರು 'ಛೆ, ಜನ ನರಳಿದ ಜಾಗ, ಬೇರೆ ಹೋಟೆಲು ನೋಡ್ಕೊಳ್ಳಿ' ಅನ್ನುತ್ತಾರೆ. ಮಾತು ಕೇಳೋಕೆ ಚೆನ್ನಾಗಿದೆ. ಆದರೆ ಇದು ಮಡಿಯ ಮಾತು. ಈ ಜಾಗ ಮೈಲಿಗೆ, ಆ ಜಾಗ ಶುದ್ಧ, ಶುದ್ಧವಾದ ಕಡೆ ಮಲಗಿದರೆ ನಾನೂ ಶುದ್ಧ ಅನ್ನೋ ಲೆಕ್ಕ ನಮಗೆ ಗೊತ್ತಿಲ್ಲದ್ದೇನಲ್ಲ, ಸಾವಿರಾರು ವರ್ಷ ನಮ್ಮ ಮೇಲೇ ನಡೆಸಿದ್ದಾರೆ. ಬೇರೆ ಹೋಟೆಲು ಅಂದರೆ ಯಾವುದು? 1924ರ ಧಾನ್ಯದ ಕಣಜವೊಂದನ್ನ ಕೊರೆದು 2017ರಲ್ಲಿ ಕೆಳಗೆ ಕಲಾ ಸಂಗ್ರಹಾಲಯ, ಮೇಲೆ ಬಲು ದುಬಾರಿ ಹೋಟೆಲು ಮಾಡಿದ್ದಾರೆ. ಕಣ್ಣಿಗೆ ಅದು ಚೊಕ್ಕಟ. ಅದೂ ಕೈದಿಗಳು ಕಟ್ಟಿದ ಆ ಬಂದರಿನೊಳಗೇ ನಿಂತಿದೆ. ಸೆರೆಮನೆ ತನ್ನ ಗೋಡೆಯನ್ನಾದರೂ ಮುಚ್ಚಿಟ್ಟಿಲ್ಲ.

ಹಾಗಂತ ಎಲ್ಲಾ ಒಂದೇ, ಎಲ್ಲಿ ಬೇಕಾದರೂ ಬಿದ್ದುಕೊಳ್ಳಿ ಅಂತ ನಾವು ಹೇಳುತ್ತಿಲ್ಲ. ಆ ಹಾಸಿಗೆಯಲ್ಲಿ ಹಿಂದೆ ಯಾರು ನರಳಿದರು ಅನ್ನೋದರ ಜೊತೆಗೆ, ಇವತ್ತು ಆ ಹಾಸಿಗೆ ಹಾಸಿದವಳು ರಾತ್ರಿ ಎಲ್ಲಿ ಮಲಗುತ್ತಾಳೆ ಅಂತ ಕೇಳಬೇಕು. 1901ರಲ್ಲಿ ಪ್ಲೇಗಿನ ನೆಪದಲ್ಲಿ ಕರಿಯರನ್ನ ಊರಾಚೆ ಎನ್ಡಾಬೆನಿಗೆ ಅಟ್ಟಿದರು. 1966ರಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನೋ ಕೇರಿಯನ್ನ ಬಿಳಿಯರಿಗೆ ಮಾತ್ರ ಅಂತ ಸಾರಿದರು. ಬಂದರಿಗೆ ನಡೆದು ಹೋಗುವಷ್ಟು ಹತ್ತಿರವಿದ್ದ ಕೇರಿ ಅದು. 60,000ಕ್ಕೂ ಹೆಚ್ಚು ಜನರನ್ನ ಕಿತ್ತು ಮರಳುಗಾಡಿನಂಥ ಬಯಲಿಗೆ ಎಸೆದರು. 1983ರಲ್ಲಿ ಊರಿಂದ ಸುಮಾರು 30 ಕಿಲೋಮೀಟರು ಆಚೆ ಕರಿಯರಿಗಂತ ಖಯೆಲಿಚಾ ಕಟ್ಟಿದರು. ಹೆಸರಿನ ಅರ್ಥ ಹೊಸ ಮನೆ! ವರ್ಣಭೇದದ ಕಾನೂನುಗಳು ಹೋಗಿ ಮೂವತ್ತು ವರ್ಷದ ಮೇಲಾಯಿತು. ಆ ದೂರ ಮಾತ್ರ ಹಾಗೇ ಇದೆ. ಈಗ ಅದನ್ನ ಕಾಯೋಕೆ ಪೊಲೀಸರು ಬೇಡ, ಬಂದರಿನ ಪಕ್ಕದ ಮನೆಬಾಡಿಗೆಯೇ ಸಾಕು.

'ಹಾಗಾದರೆ ಖಯೆಲಿಚಾದಲ್ಲೇ ಉಳೀತೀವಿ' ಅನ್ನುವ ಉತ್ಸಾಹಿಗಳೂ ಇದ್ದಾರೆ. ಅಲ್ಲಿ ಯಾರಾದರೂ ತಮ್ಮ ಮನೆಯ ಕೋಣೆ ಬಾಡಿಗೆಗೆ ಕೊಟ್ಟು, ಹಣ ಅವರ ಕೈಗೇ ಸೇರುವುದಾದರೆ ಸಂತೋಷ. ಆದರೆ ಬಡತನ ನೋಡೋಕೆ ಬಸ್ಸಲ್ಲಿ ಹೋಗೋದೂ ಈಗೊಂದು ಮೋಜು. ನಮ್ಮ ಕೇರಿಗಳಿಗೆ ಕ್ಯಾಮೆರಾ ಹಿಡಿದು ಬರುವವರನ್ನ ನಾವು ಸಾಕಷ್ಟು ಕಂಡಿದ್ದೇವೆ.

ಬಂದರಿನಲ್ಲೇ ಉಳಿಯುವುದಾದರೆ ದುಡ್ಡು ಕೊಡುವ ಮೊದಲು ಕಾಗದ ಬರೆದು ಕೇಳಿ. ಕೋಣೆ ಗುಡಿಸುವವರು ಹೋಟೆಲಿನ ಸ್ವಂತ ನೌಕರರೋ, ಗುತ್ತಿಗೆಯವರೋ? ಗುತ್ತಿಗೆ ಅಂದರೇನು ಅಂತ ನಮ್ಮ ಪೌರಕಾರ್ಮಿಕರು ಚೆನ್ನಾಗಿ ಹೇಳಬಲ್ಲರು: ಕೆಲಸ ಕೊಡುವವನು ಒಬ್ಬ, ಸಂಬಳ ಕೇಳಿದರೆ ಕೈ ತೋರಿಸೋದು ಇನ್ನೊಬ್ಬನ ಕಡೆ. ಅವರಿಗೆ ಸಂಘ ಇದೆಯೋ? ರಾತ್ರಿ ಪಾಳಿ ಮುಗಿದವರನ್ನ ಮನೆಗೆ ಮುಟ್ಟಿಸುವ ವಾಹನ ಹೋಟೆಲಿನದೋ, ಇಲ್ಲಾ ಅವರೇ ಟ್ಯಾಕ್ಸಿಗೆ ದುಡ್ಡು ತೆರಬೇಕೋ? ಒಬ್ಬರೇ ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಸಭೆಗೆ ಕರೆದವರು ನಲವತ್ತು ಕೋಣೆ ಒಟ್ಟಿಗೆ ಹಿಡಿಯುವವರು. ಕೇಳುವ ಮಾತನ್ನ ಅವರ ಬಾಯಿಂದ ಕೇಳಿಸಿ. ಉತ್ತರ ಬಂದ ಕಡೆ ಉಳಿಯಿರಿ, ಅದು ಹಳೇ ಸೆರೆಮನೆಯೇ ಆಗಿದ್ದರೂ ಸರಿ. ಕಡಲು ಕಾಣದ ಕೋಣೆಗೆ ಬಾಡಿಗೆ ಹೇಗೂ ಕಡಿಮೆ.